ಬೈರಮ್ಮನ ಕೈ, ವಿಭಾಗದ ಫ್ಲೆಕ್ಸು

ಪಾಂಡವಪುರದ ಸುತ್ತಮುತ್ತ ಬೀಗರೂಟಕ್ಕೆ ದಿನ ಗೊತ್ತು ಮಾಡುವವರು ಮೊದಲು ಪಂಚಾಂಗ ನೋಡುವುದಿಲ್ಲ. ಚಿನಕುರಳಿಗೆ ಫೋನು ಮಾಡಿ ಬೈರಮ್ಮನಿಗೆ ಯಾವತ್ತು ಬಿಡುವು ಎಂದು ಕೇಳುತ್ತಾರೆ. ಮರಿ ಕಡಿಯುವವನು ಕೈಕೊಟ್ಟರೆ ಇನ್ನೊಬ್ಬನನ್ನು ಹುಡುಕಬಹುದು. ಸಾರಿಗೆ ಖಾರ ಹೆಚ್ಚಾದರೆ ನಿಂಬೆಹಣ್ಣು ಹಿಂಡಬಹುದು. ಮುದ್ದೆ ಗಂಟಾದರೆ ಮಾತ್ರ ಬೀಗರು ಅದನ್ನು ಮೊಮ್ಮಕ್ಕಳ ಮದುವೆಯವರೆಗೂ ನೆನಪಿಟ್ಟುಕೊಳ್ಳುತ್ತಾರೆ.

ಬೈರಮ್ಮ ಕಟ್ಟಿದ ಮುದ್ದೆ ಗಂಟಾಗಿದ್ದನ್ನು ಕಂಡವರಿಲ್ಲ. ಕೊಪ್ಪರಿಗೆಯಲ್ಲಿ ಎಸರು ಕುದಿದು, ಹಿಟ್ಟು ಬಿದ್ದು, ಆಳುದ್ದದ ಕೋಲಿನಲ್ಲಿ ತೊಳಸುವ ಕೆಲಸ ಮುಗಿದ ಮೇಲೆ, ಅವಳು ಕೈಯನ್ನು ತಣ್ಣೀರಿಗೆ ಅದ್ದಿ, ಹೊಗೆಯಾಡುವ ಹಿಟ್ಟಿಗೆ ಇಳಿಸುತ್ತಾಳೆ. ಹಲಗೆಯ ಮೇಲೆ ಎರಡು ಸುತ್ತು ಉರುಳಿಸಿದರೆ ಮುದ್ದೆ ಹೊಳೆಯುತ್ತದೆ. ಸಾಲಿನಲ್ಲಿ ಕೂತವರಿಗೆ ಬಡಿಸುವವಳೂ ಅವಳೇ. ಬೇರೆಯವರು ಮುಟ್ಟಿದರೆ ಮುದ್ದೆಯ ದುಂಡು ಕೆಡುತ್ತದಂತೆ. ಹೀಗಾಗಿ ನಾಲ್ಕು ತಾಲ್ಲೂಕುಗಳ ಜನರಿಗೆ ಅವಳ ಮುಖಕ್ಕಿಂತ ಕೈ ಪರಿಚಯ. ಬಲಗೈ ಮಣಿಕಟ್ಟಿನ ಮೇಲೆ ಚಿಕ್ಕಂದಿನಲ್ಲಿ ಹಾಕಿಸಿಕೊಂಡ ಚೇಳಿನ ಹಚ್ಚೆ ಇದೆ. ತಲೆ ತಗ್ಗಿಸಿ ಉಣ್ಣುವವರ ಕಣ್ಣಿಗೆ ಮೊದಲು ಆ ಚೇಳು, ಆಮೇಲೆ ಮುದ್ದೆ.

ಇಂಥ ಕೈಗೆ ಕೇಡು ಬಂದದ್ದು ಶುಚಿತ್ವದ ಹೆಸರಿನಲ್ಲಿ. ಶ್ರೀರಂಗಪಟ್ಟಣದ ದಾರಿಯಲ್ಲಿ ಹೊಸದಾಗಿ ಎದ್ದ ಕಲ್ಯಾಣ ಮಂಟಪವೊಂದರ ಮ್ಯಾನೇಜರು, ಅಡುಗೆಯವರೆಲ್ಲ ತಲೆಗೆ ಟೋಪಿ, ಕೈಗೆ ರಬ್ಬರ್ ಗ್ಲೌಸು ಹಾಕಿಕೊಳ್ಳಲೇಬೇಕು ಎಂದು ಅಪ್ಪಣೆ ಹೊರಡಿಸಿದ. ಮಂಟಪದ ಹಿಂದೆ ಪಾತ್ರೆ ತೊಳೆದ ನೀರು ಗೇಟಿನ ತನಕ ಹರಿಯುತ್ತಿತ್ತು. ಅದಕ್ಕೆ ಟೋಪಿಯೂ ಇರಲಿಲ್ಲ, ಗ್ಲೌಸೂ ಇರಲಿಲ್ಲ. ಒಂದು ಮದುವೆ ಸೀಸನ್ನು ಪೂರ್ತಿ ಬೈರಮ್ಮ ಗ್ಲೌಸಿನಲ್ಲೇ ಮುದ್ದೆ ಕಟ್ಟಿದಳು. ಸೀಸನ್ನು ಮುಗಿಯುವಷ್ಟರಲ್ಲಿ ಅಂಗೈ ಕೆಂಪಾಗಿ, ಬೆರಳ ಸಂದಿಯಲ್ಲಿ ಗುಳ್ಳೆ ಎದ್ದು, ತುರಿಕೆಗೆ ನಿದ್ದೆ ಬರದಂತಾಯಿತು. ಅರಿಸಿನ, ಬೇವು, ಕೊಬ್ಬರಿ ಎಣ್ಣೆ ಎಲ್ಲ ಆದವು. ಕೊನೆಗೆ ಜಹೀರುದ್ದೀನ್ ತನ್ನ ಟೆಂಪೊದಲ್ಲಿ ಕೂರಿಸಿಕೊಂಡು ದೊಡ್ಡಾಸ್ಪತ್ರೆಗೆ ಕರೆದೊಯ್ದ.

ಜಹೀರುದ್ದೀನ್ ಪಾಂಡವಪುರದಲ್ಲಿ ಶಾಮಿಯಾನ, ಬೊಂಬು, ಕುರ್ಚಿ, ಕೊಪ್ಪರಿಗೆ, ಮೈಕು ಬಾಡಿಗೆಗೆ ಕೊಡುವವನು. ಅವನ ಕೊಪ್ಪರಿಗೆ ಹೋದಲ್ಲಿಗೆ ಬೈರಮ್ಮನ ಕೋಲು ಹೋಗುವುದು ಹಳೆಯ ಒಪ್ಪಂದ. ಆಸ್ಪತ್ರೆ ಲೋಕಪಾವನಿ ವಿಶ್ವವಿದ್ಯಾಲಯದ್ದು. ಅಲ್ಲಿನ ಒಂದು ಬಾಗಿಲ ಮೇಲೆ ‘ಸಾಂಕ್ರಾಮಿಕ ರೋಗಗಳು ಮತ್ತು ಅಲರ್ಜಿ ವಿಭಾಗ’ ಎಂದು ಬರೆದಿತ್ತು. ಒಳಗೆ ಅಕ್ಷಿತಾ ಎಂಬ ಕಿರಿಯ ವೈದ್ಯೆ ಕೈಯನ್ನು ತಿರುಗಿಸಿ ನೋಡಿ, ಬೆನ್ನಿಗೆ ಏನೇನೋ ಪಟ್ಟಿ ಅಂಟಿಸಿ ಕಳಿಸಿದಳು. ಮತ್ತೆ ಬರಹೇಳಿ, ಪಟ್ಟಿ ಕಿತ್ತು ನೋಡಿ, “ಅಮ್ಮಾ, ನಿಮಗೆ ಆ ರಬ್ಬರ್ ಗ್ಲೌಸೇ ಆಗಿಬರೋಲ್ಲ. ಇದು ಅಲರ್ಜಿ. ಯಾರಿಗೂ ಅಂಟೋದಲ್ಲ. ಗ್ಲೌಸ್ ಬಿಡಿ, ಮುಲಾಮು ಹಚ್ಚಿ” ಎಂದಳು. ಬಿಟ್ಟಳು, ಹಚ್ಚಿದಳು, ವಾಸಿಯಾಯಿತು.

ಕಥೆ ಅಲ್ಲಿಗೆ ಮುಗಿಯಬೇಕಿತ್ತು. ಮುಗಿಯಲು ಬಿಡದವರು ವಿಭಾಗದ ಮುಖ್ಯಸ್ಥರಾದ ಡಾಕ್ಟರ್ ಶಿವಣ್ಣನವರು.

ಶಿವಣ್ಣನವರ ವಿಭಾಗದಲ್ಲಿ ಹಾಸಿಗೆಗಳು ಕಡಿಮೆ, ಕಾರ್ಯಕ್ರಮಗಳು ಹೆಚ್ಚು. ಸೊಳ್ಳೆಯ ದಿನ, ಕೈ ತೊಳೆಯುವ ದಿನ, ಹುಚ್ಚುನಾಯಿ ದಿನ, ಸೀನಿನ ಸಪ್ತಾಹ. ಯಾವ ರೋಗವೂ ಅಲ್ಲಿ ದೀಪ ಬೆಳಗಿಸದೆ ಒಳಗೆ ಕಾಲಿಡುವಂತಿರಲಿಲ್ಲ. ಪ್ರತಿಯೊಂದಕ್ಕೂ ಉದ್ಘಾಟನೆ, ಶಾಲು, ಪೇಟ, ಫೋಟೊ. ಫೋಟೊಗಳೆಲ್ಲ ವಿಶ್ವವಿದ್ಯಾಲಯದ ಜಾಲತಾಣದ ‘ಸುದ್ದಿ ಮತ್ತು ಕಾರ್ಯಕ್ರಮಗಳು’ ಪುಟಕ್ಕೆ ಹೋಗುತ್ತಿದ್ದವು. ಆ ಪುಟವನ್ನು ತಪ್ಪದೆ ನೋಡುತ್ತಿದ್ದವರು ಶಿವಣ್ಣನವರು ಮತ್ತು, ಅವರು ಹೇಳಿದ್ದರಿಂದ, ಅವರ ಮನೆಯವರು.

ಬೈರಮ್ಮ ಮೊದಲ ಸಲ ಹೋದ ದಿನ ಅವರು ಫೋಟೊ ತೆಗೆಯುವವನೊಂದಿಗೆ ಒಳಗೆ ಬಂದು, “ಕೈ ತೋರಿಸಮ್ಮ” ಎಂದಿದ್ದರು. ಔಷಧಿಗೆ ಬೇಕಿರಬಹುದು ಎಂದುಕೊಂಡ ಬೈರಮ್ಮ ಸೆರಗಿನಲ್ಲಿ ಕೈ ಒರೆಸಿ, ಬಳೆ ಮೇಲೆ ಸರಿಸಿ, ಹಚ್ಚೆ ಚೆನ್ನಾಗಿ ಕಾಣಲೆಂದು ಮಣಿಕಟ್ಟು ತಿರುಗಿಸಿ ಹಿಡಿದಿದ್ದಳು.

ಕೈ ವಾಸಿಯಾಗಿ ಸ್ವಲ್ಪ ದಿನಕ್ಕೆ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ಎಲ್ಲ ಬಸ್ ಸ್ಟ್ಯಾಂಡುಗಳ ಎದುರೂ ಬಾಡಿಗೆ ಬೊಂಬುಗಳ ಮೇಲೆ ವಿಭಾಗದ ಫ್ಲೆಕ್ಸ್ ನಿಂತವು. ಮೇಲ್ಗಡೆ ಪೇಟ ಸುತ್ತಿ ನಗುವ ಶಿವಣ್ಣನವರು. ನಡುವೆ ಕೆಂಪು ಅಕ್ಷರದಲ್ಲಿ ‘ಸಾಂಕ್ರಾಮಿಕ ರೋಗ: ಅಂಟುವ ಮುನ್ನ ಎಚ್ಚರ!’ ಕೆಳಗೆ ಗುಳ್ಳೆ ಎದ್ದ ಎರಡು ಕೈ, ಮಣಿಕಟ್ಟಿನ ಮೇಲೆ ಚೇಳು.

ಮೊದಲು ಫೋನು ಮಾಡಿದವಳು ಸಿಂಧಘಟ್ಟದ ಮಾಯಮ್ಮ. ಅವಳ ಮಗಳ ಬೀಗರೂಟ ಎದುರಿಗಿತ್ತು.

“ಬೈರಕ್ಕ, ತೆಪ್ಪು ತಿಳ್ಕಬ್ಯಾಡ ಕಣಕ್ಕ. ಈ ಸಲ ನಾವೇ ಮನೇರು ಎಂಗೋ ಮಾಡ್ಕತೀವಿ.”

“ಅದ್ಯಾಕವ್ವ? ನಿಮ್ಮನೇರು ಅಷ್ಟ್ ಜನಕ್ಕೆ ಇಟ್ಟು ತೊಳಸ್ತಾರಾ?”

“ಅಂಗಲ್ಲ... ಬೀಗ್ರು ಕೆ.ಆರ್. ಪೇಟೇಲಿ ಆ ಪಿಲೆಕ್ಸ್ ಬೋಲ್ಡ್ ನೋಡ್ಬುಟ್ಟವ್ರೆ. ಆ ಚೇಳಿನ್ ಕೈಯೋಳು ಬಂದ್ರೆ ನಾವು ಎಲೆ ಮುಂದೆ ಕೂರಾಕಿಲ್ಲ ಅಂದ್ರು. ನಾನೇನ್ ಮಾಡ್ಲಿ ಯೋಳು. ನೀನು ಉಸಾರಾಗು, ದೇವ್ರವ್ನೆ.”

ಉಸಾರಾಗಿರುವವಳಿಗೆ ಉಸಾರಾಗು ಎಂದರೆ ಎಷ್ಟು ಉರಿಯುತ್ತದೆ ಎಂಬುದು ಬೈರಮ್ಮನಿಗೆ ಅಂದು ತಿಳಿಯಿತು. ಆಮೇಲೆ ಪಾಲಹಳ್ಳಿಯವರು ಬೇಡ ಎಂದರು. ನಾಗಮಂಗಲದ ಕಡೆಯವರು ಬೇಡ ಎಂದೂ ಹೇಳದೆ ಸುಮ್ಮನಾದರು. ಊರಿನ ಡೈರಿಯಲ್ಲಿ ಹಾಲು ಹಾಕಲು ಹೋದಾಗ ಹಿಂದಿನವರು ಒಂದು ಮಾರು ಬಿಟ್ಟು ನಿಂತರು. ಯಾರೂ ಕೆಟ್ಟ ಮಾತಾಡಲಿಲ್ಲ. ಎಲ್ಲರೂ ಕನಿಕರಿಸಿದರು. ಅದನ್ನೇ ಅವಳಿಂದ ತಡೆಯಲಾಗಲಿಲ್ಲ.

ಮಾರನೆಯ ಬೆಳಗ್ಗೆ ಅವಳು ವಿಭಾಗದ ಬಾಗಿಲಲ್ಲಿದ್ದಳು. ಶಿವಣ್ಣನವರು ‘ಮೀಟಿಂಗ್‌ನಲ್ಲಿದ್ದಾರೆ’ ಎಂದು ಹೊತ್ತು ನೆತ್ತಿಗೇರುವವರೆಗೆ ಕೂರಿಸಿದರು. ಒಳಗೆ ಬಿಟ್ಟಾಗ ಮೇಜಿನ ಮೇಲೆ ಸ್ಮರಣಿಕೆಗಳ ಸಂತೆಯೇ ನೆರೆದಿತ್ತು: ಗಾಜಿನ ನವಿಲು, ಹಿತ್ತಾಳೆಯ ಗಣಪತಿ, ಅವರದೇ ಭಾವಚಿತ್ರ ಕೊರೆದ ಮರದ ಫಲಕ. ಪಕ್ಕದಲ್ಲಿ ಅಕ್ಷಿತಾ ನಿಂತಿದ್ದಳು.

“ಸ್ವಾಮಿ, ನನ್ ಕೈ ನಿಮ್ ಬೋಲ್ಡ್‌ನಾಗೆ ಯಾಕದೆ?”

“ಯಾವ ಕೈ?”

ಬೈರಮ್ಮ ನವಿಲು, ಗಣಪತಿಗಳ ನಡುವೆ ಜಾಗ ಮಾಡಿ ಎರಡೂ ಕೈಗಳನ್ನು ಮೇಜಿನ ಮೇಲಿಟ್ಟಳು. “ಇದು.”

ಶಿವಣ್ಣನವರು ಕುರ್ಚಿಯನ್ನು ಒಂದು ಗೇಣು ಹಿಂದಕ್ಕೆ ಸರಿಸಿದರು. ಗುಣವಾದ ಕೈ, ಅಂಟದ ಕಾಯಿಲೆ, ಎಲ್ಲ ತಿಳಿದ ವೈದ್ಯರು; ಆದರೂ ಕುರ್ಚಿ ಹಿಂದಕ್ಕೆ ಹೋಯಿತು. ಆ ಒಂದು ಗೇಣನ್ನು ಬೈರಮ್ಮ ಇಂದಿಗೂ ಕ್ಷಮಿಸಿಲ್ಲ.

“ಓ, ಆ ಫೋಟೊ! ಬಹಳ ಚೆನ್ನಾಗಿ ಬಂದಿದೆ. ಕುಲಪತಿಗಳೂ ಮೆಚ್ಚಿದರು.”

“ನಮ್ಮೂರೋರು ಮೆಚ್ನಿಲ್ಲ ಸ್ವಾಮಿ. ನಂಗೆ ಅಂಟುರೋಗ ಅಂತಾವ್ರೆ. ಇದು ಅಲರ್ಜಿ, ಯಾರ್ಗೂ ಅಂಟಾಕಿಲ್ಲ ಅಂತ ನಿಮ್ ಡಾಕ್ಟ್ರಮ್ಮನೇ ಯೋಳವ್ರೆ.”

“ಹೌದು ಸರ್,” ಎಂದಳು ಅಕ್ಷಿತಾ, “ಅದು ಗ್ಲೌಸಿನ ಕೇಸು. ಫ್ಲೆಕ್ಸ್ ಮಾಡಿಸುವಾಗಲೇ ನಾನು...” ಶಿವಣ್ಣನವರು ಒಮ್ಮೆ ಅವಳತ್ತ ನೋಡಿದರು. ಮಾತು ಅಲ್ಲಿಗೇ ನಿಂತಿತು.

“ನೋಡಿ ಅಮ್ಮ, ನಮ್ಮದು ಸಾಂಕ್ರಾಮಿಕ ರೋಗ ಮತ್ತು ಅಲರ್ಜಿ ವಿಭಾಗ. ಎರಡೂ ಒಂದೇ ಸೂರಿನಡಿ ಇವೆ. ಫೋಟೊ ವಿಭಾಗದ್ದು, ಫ್ಲೆಕ್ಸೂ ವಿಭಾಗದ್ದು. ಇದರಲ್ಲಿ ತಪ್ಪೇನು?”

“ನಮ್ಮೂರಲ್ಲಿ ಡೈರಿ, ಬ್ರಾಂದಿ ಅಂಗ್ಡಿ ಒಂದೇ ಬೀದೀಲವೆ. ಅಂಗಂತ ಡೈರಿಗೋಗೋರ್ನೆಲ್ಲ ಕುಡುಕ್ರು ಅಂತ ಬೋಲ್ಡ್ ಆಕುಸ್ಬುಡಾದಾ?”

“ನಿಮ್ಮ ಮುಖ ಹಾಕಿಲ್ಲ, ಹೆಸರು ಹಾಕಿಲ್ಲ. ರೋಗಿಗಳ ಗೌಪ್ಯತೆಯನ್ನು ನಾವು ಕಟ್ಟುನಿಟ್ಟಾಗಿ ಕಾಪಾಡುತ್ತೇವೆ.”

“ನನ್ ಮುಖ ಯಾರ್ ನೋಡವ್ರೆ ಸ್ವಾಮಿ? ಉಣ್ಣಾಕೆ ಕೂತೋರ್ಗೆ ಕಾಣಾದೇ ನನ್ ಕೈ!”

ಶಿವಣ್ಣನವರು ಗಡಿಯಾರ ನೋಡಿದರು. ಮುಂದಿನ ವಾರ ಪಾಂಡವಪುರದಲ್ಲಿ ವಿಭಾಗದ ‘ಗ್ರಾಮಾರೋಗ್ಯ ಸಂಭ್ರಮ’ ಇದೆ, ಕುಲಪತಿಗಳೇ ಬರುತ್ತಾರೆ, ಅದು ಮುಗಿದ ಮೇಲೆ ಹೊಸ ವಿಷಯದ ಫ್ಲೆಕ್ಸ್ ಬರುತ್ತದೆ, ಹಳೆಯದು ತಾನಾಗಿಯೇ ಹೋಗುತ್ತದೆ ಎಂದು ಸಮಾಧಾನ ಹೇಳಿದರು. ಮಾಯಮ್ಮನ ಬೀಗರೂಟವೂ ಸಂಭ್ರಮ ಕಳೆದು ಎರಡನೆಯ ದಿನಕ್ಕಿತ್ತು. ಅದು ಕೈಬಿಟ್ಟರೆ ಆಮೇಲೆ ಬರುವ ಊಟಗಳೂ ಬಿಡುತ್ತವೆ. ಒಂದು ಸೀಸನ್ನು ಕರೆಸಿಕೊಳ್ಳದ ಕೈಯನ್ನು ಮುಂದಿನ ಸೀಸನ್ನಿಗೆ ಯಾರೂ ನೆನೆಸಿಕೊಳ್ಳುವುದಿಲ್ಲ. ಇದನ್ನು ಶಿವಣ್ಣನವರಿಗೆ ವಿವರಿಸುವಷ್ಟರಲ್ಲಿ ಜವಾನ ಬಾಗಿಲು ತೆರೆದು ಹಿಡಿದಿದ್ದ.

ಎರಡು ದಿನ ಬಿಟ್ಟು ಜಹೀರುದ್ದೀನ್ ಚಿನಕುರಳಿಗೆ ಬಂದ. ಜಗಲಿಯ ಮೇಲೆ ಕೂತು ನೀರು ಕುಡಿದು, ಲೋಟವನ್ನು ಸುಮ್ಮನೆ ತಿರುಗಿಸುತ್ತಿದ್ದ.

“ಬೈರಕ್ಕ, ಯೋಳಾಕೆ ನಾಲ್ಗೆ ಏಳಾಕಿಲ್ಲ. ಆ ಡಾಕ್ಟ್ರ ಪಂಕ್ಷನ್ನು ನಂಗೇ ಬಂದದೆ. ಶಾಮಿಯಾನ, ಮೈಕು, ಊಟ ಎಲ್ಲ. ಕುಲಪತಿಗೋಳು ಮುದ್ದೆ ಬಸ್ಸಾರೇ ಆಗ್ಬೇಕು ಅಂದವ್ರಂತೆ. ಬ್ಯಾರೇರ್ನ ಕರೀಲಾ?”

“ಯಾಕೆ, ನಿಂಗೂ ನನ್ ಕೈ ಅಂಟ್ತದಾ?”

“ತೋಬಾ ತೋಬಾ! ಅವ್ರ್ ಮಕಕ್ಕೆ ನೀನ್ಯಾಕೆ ಬೇಯಿಸ್ಬೇಕು ಅಂತ ಅಂದೆ ಕಣಕ್ಕ.”

ಬೈರಮ್ಮ ಅವನ ಕೈಯಿಂದ ಲೋಟ ತೆಗೆದುಕೊಂಡಳು. “ನಾನೇ ಬತ್ತೀನಿ. ದೊಡ್ಡ ಕೊಪ್ಪರಿಗೇನೇ ತತ್ತಾ.”

ಸಂಭ್ರಮದ ದಿನ ಶಾಮಿಯಾನದ ತುಂಬ ಜನ. ಕುರ್ಚಿ ತುಂಬಿಸಲೆಂದು ನಾಲ್ಕೂ ತಾಲ್ಲೂಕುಗಳ ಮಹಿಳಾ ಸಂಘದವರನ್ನು ಬಸ್ಸು ಕಳಿಸಿ ಕರೆಸಿದ್ದರು. ಸಿಂಧಘಟ್ಟದ ಸಂಘದ ಜೊತೆ ಮಾಯಮ್ಮನೂ ಬಂದಿದ್ದಳು. ವೇದಿಕೆಯ ಹಿಂದೆ ತಗಡು ಮರೆ ಮಾಡಿ ಒಲೆ ಹೂಡಿತ್ತು. ಬೈರಮ್ಮ ಮೊದಲು ಏನನ್ನೂ ನಿಶ್ಚಯಿಸಿರಲಿಲ್ಲ. ಸಿಟ್ಟಿದ್ದರೂ ಕೆಲಸ ಕೆಲಸವೇ. ಎಸರಿಟ್ಟಳು, ಹಿಟ್ಟು ಸುರಿದಳು, ತೊಳಸಿದಳು. ಬೆವರು ಒರೆಸಿಕೊಳ್ಳಲೆಂದು ಮರೆಯಿಂದ ಈಚೆ ಬಂದವಳು ತಲೆ ಎತ್ತಿ ವೇದಿಕೆ ನೋಡಿದಳು. ಈ ಸಲದ ಫ್ಲೆಕ್ಸ್ ವೇದಿಕೆಯಷ್ಟೇ ಅಗಲವಿತ್ತು. ಅವಳ ಒಂದೊಂದು ಬೆರಳೂ ಬಾಳೆದಿಂಡಿನಷ್ಟು. ಚೇಳು ಎಳಗರುವಿನಷ್ಟು. ಅದರ ಕೆಳಗೆ ಶಿವಣ್ಣನವರಿಗೆ ಯಾರೋ ಶಾಲು ಹೊದಿಸುತ್ತಿದ್ದರು.

ಬೈರಮ್ಮ ಒಲೆಯ ಬಳಿ ಬಂದು ಬಕೆಟ್ ಬೋರಲು ಹಾಕಿಕೊಂಡು ಕೂತಳು. ಕೈ ಎರಡನ್ನೂ ಮಡಿಲಲ್ಲಿ ಇಟ್ಟುಕೊಂಡಳು.

“ಯಾಕಕ್ಕ, ಇಟ್ಟು ಆರ್ತದೆ,” ಎಂದಳು ಜೊತೆಯ ಅಣ್ಣಮ್ಮ.

“ನನ್ ಕೈಯಿಗೆ ಅಂಟುರೋಗ ಕಣವ್ವ. ಅಲ್ಲಿ ಬರ್ದವ್ರೆ, ನೋಡ್ಕೊಂಡ್ ಬಾ. ನಾನೆಂಗೆ ಕಟ್ಟಾದು?”

ಕೆಲಸ ಹಿಡಿದವಳು ಕೈ ಬಿಟ್ಟ ಮೇಲೆ ಉಳಿದವರು ಮುಟ್ಟುವುದು ಅಡುಗೆಯವರ ಪದ್ಧತಿಯಲ್ಲ. ಅಣ್ಣಮ್ಮನೂ ಕೂತಳು. ಸುದ್ದಿ ಜಹೀರುದ್ದೀನನಿಗೆ, ಅವನಿಂದ ವೇದಿಕೆಗೆ ಹೋಯಿತು. ಶಿವಣ್ಣನವರು ಶಾಲು, ಪೇಟ ಸಮೇತ ಹಿಂದೆ ಓಡಿ ಬಂದರು. ಅವರ ಹಿಂದೆ ಅಕ್ಷಿತಾ.

“ಏನಮ್ಮ ಇದು? ಕುಲಪತಿಗಳಿಗೆ ಶುಗರ್ ಇದೆ! ಹೊತ್ತಿಗೆ ಸರಿಯಾಗಿ ಊಟ ಆಗಬೇಕು!”

“ಅದ್ಕೇ ಕೂತಿವ್ನಿ ಸ್ವಾಮಿ. ಆ ಕೈಯಲ್ ಉಂಡು ದೊಡ್ಡೋರ್ಗೆ ಏನಾರ ಆದ್ರೆ?”

“ಅಂಟುವುದಿಲ್ಲ ಅಂತ ನನಗೆ ಗೊತ್ತಿಲ್ಲವೇ? ಈ ವಿಷಯದ ಮೇಲೆ ಲಂಡನ್ನಿನಲ್ಲಿ ಪ್ರಬಂಧ ಓದಿದವನು ನಾನು!”

“ಲಂಡನ್ನೋರ್ಗೆ ಯೋಳಿ ಬಂದಿದೀರ. ಸಿಂಧಘಟ್ಟದೋರ್ಗೂ ಯೋಳ್ಬುಡಿ. ಮೈಕ್ ಅಲ್ಲೇ ಅದೆ.”

ಶಿವಣ್ಣನವರು ವೇದಿಕೆಯ ಕಡೆ ನೋಡಿದರು, ಕೊಪ್ಪರಿಗೆಯ ಕಡೆ ನೋಡಿದರು. ಅವರ ಮುಖ ಬೆಳಗಿತು. “ಒಂದು ಕೆಲಸ ಮಾಡಿ. ಗ್ಲೌಸ್ ಹಾಕಿಕೊಂಡು ಕಟ್ಟಿಬಿಡಿ. ಆಗ ಯಾರಿಗೂ ಸಂಶಯವೇ ಬರುವುದಿಲ್ಲ.”

ಅಕ್ಷಿತಾ ಹಣೆ ಹಿಡಿದುಕೊಂಡಳು. ಜಹೀರುದ್ದೀನ್ “ಯಾ ಅಲ್ಲಾ” ಎಂದು ತಿರುಗಿ ನಿಂತ. ಬೈರಮ್ಮ ಬಕೆಟ್ಟಿನಿಂದ ಎದ್ದಳು.

“ಗ್ಲೌಸಾ? ಗ್ಲೌಸ್ ಆಕಂಡೇ ನನ್ ಕೈ ಅಂಗಾಗಿದ್ದು! ನಿಮ್ಮಾಸ್ಪತ್ರೇಲೇ ಬೆನ್ನಿಗೆಲ್ಲ ಪಟ್ಟಿ ಮೆತ್ತಿ ಕಂಡ್ಹಿಡುದ್ರು! ಕೈ ಕೆಡ್ಸಿದ್ದು ಗ್ಲೌಸು, ಮಾನ ಕೆಡ್ಸಿದ್ದು ನಿಮ್ ಬೋಲ್ಡು. ಈಗ ಬೋಲ್ಡಿನ್ ಮಾನ ಉಳ್ಸಾಕೆ ತಿರ್ಗ ಗ್ಲೌಸಾ? ನನ್ ಕಾಯ್ಲೆ ಏನು ಅಂತನಾದ್ರೂ ನೋಡಿದ್ರಾ ಸ್ವಾಮಿ, ಇಲ್ಲ ಪೋಟಾ ಒಂದ್ನೇ ನೋಡಿದ್ರಾ?”

ಲಂಡನ್ನಿನಲ್ಲಿ ಪ್ರಬಂಧ ಓದಿದವರು ಜಾರಿದ ಪೇಟವನ್ನು ಸರಿಮಾಡಿಕೊಂಡರು. ಅಷ್ಟರಲ್ಲಿ ಕುಲಪತಿಗಳೇ ವೇದಿಕೆಯಿಂದ ಬಗ್ಗಿ, “ಮುದ್ದೆ ಆಯಿತೇ?” ಎಂದು ಕೇಳಿದರು. ಶಿವಣ್ಣನವರು ಮೈಕಿನ ಹತ್ತಿರ ಹೋದರು.

ಮೈಕಿನ ಮುಂದೆ ನಿಂತ ಶಿವಣ್ಣನವರಿಗೆ ಹಸಿವೂ ಇರುವುದಿಲ್ಲ, ಭಯವೂ ಇರುವುದಿಲ್ಲ. “ನಾನು ಈ ವಿಭಾಗವನ್ನು ವಹಿಸಿಕೊಂಡಾಗ...” ಎಂದು ಆರಂಭಿಸಿದರು. ಮೈಕಿನ ಪೆಟ್ಟಿಗೆಯ ಮುಂದೆ ಕೂತಿದ್ದ ಜಹೀರುದ್ದೀನ್ ತಿರುಗಣೆಯನ್ನು ಮೆಲ್ಲಗೆ ಎಡಕ್ಕೆ ತಿರುಗಿಸಿದ. ಶಿವಣ್ಣನವರ ಬಾಯಿ ಆಡುತ್ತಿತ್ತು, ದನಿ ಅವರ ಶಾಲನ್ನೂ ದಾಟುತ್ತಿರಲಿಲ್ಲ. ಗಾಬರಿಯಾಗಿ, “ಇಲ್ಲಿ ಕಾಣುವ ಕೈಗಳು...” ಎಂದರು. ದನಿ ಮೊಳಗಿತು. ಹುರುಪಾಗಿ, “ನನ್ನ ಸಂಶೋಧನೆಯ ಪ್ರಕಾರ...” ಎಂದರು. ದನಿ ಸತ್ತಿತು. ಹೀಗೆ ಎರಡು ಮೂರು ಸಲ ಆದ ಮೇಲೆ, ದೊಡ್ಡ ವಿದ್ವಾಂಸರಾದ್ದರಿಂದ, ಮೈಕು ಯಾವುದಕ್ಕೆ ಒಲಿಯುತ್ತದೆ ಎಂಬುದು ಅವರಿಗೆ ಹೊಳೆಯಿತು.

“ಈ ಕೈಗಳು ಅಂಟುರೋಗದವಲ್ಲ. ಗ್ಲೌಸಿನಿಂದ ಆದ ಅಲರ್ಜಿ. ಈಗ ಗುಣವಾಗಿದೆ. ಫೋಟೊ ಇಲ್ಲಿ ಹಾಕಿದ್ದು... ತಪ್ಪು.”

‘ತಪ್ಪು’ ಎಂಬುದಕ್ಕೆ ಜಹೀರುದ್ದೀನ್ ಇದ್ದಷ್ಟೂ ದನಿ ಕೊಟ್ಟ. ಸಂತೆಮಾಳದವರೆಗೂ ಕೇಳಿಸಿತಂತೆ.

ಬೈರಮ್ಮನೂ ತಗಡಿನ ಮರೆಯಿಂದ ಕೇಳಿಸಿಕೊಂಡಳು. ಸಮಾಧಾನವಾಗಲಿಲ್ಲ. ಮುಂದಿನ ಸಾಲಿನಿಂದ ಮಾಯಮ್ಮ ಎದ್ದು, “ಅಂಗಾರೆ ನೀವೇ ಮೊದ್ಲು ಉಣ್ಣಿ ಸ್ವಾಮಿ, ನೋಡುವ!” ಎಂದಾಗ ಶಾಮಿಯಾನದಲ್ಲಿ ನಗು ಎದ್ದಿತು. ಅನುಮಾನವೂ ಇತ್ತು ಅದರಲ್ಲಿ.

ಆ ಹೊತ್ತಿಗೆ ಕೊಪ್ಪರಿಗೆಯ ಹಿಟ್ಟು ಆರಿ ಬಿಗಿದುಕೊಂಡಿತ್ತು. ಇನ್ನೊಬ್ಬರಾಗಿದ್ದರೆ ಹೇಗೋ ಬಿಸಿನೀರು ಚಿಮುಕಿಸಿ ಕಟ್ಟುತ್ತಿದ್ದರು. ಬೈರಮ್ಮ ಅಷ್ಟನ್ನೂ ಎಮ್ಮೆಗಳಿಗೆಂದು ತೆಗೆದಿಡಿಸಿ ಹೊಸ ಎಸರಿಟ್ಟಳು. ಕುಲಪತಿಗಳು ಬಾಳೆಹಣ್ಣು ತಿಂದು ಕಾದರು. ಹಿಟ್ಟು ಬೆಂದ ಮೇಲೆ ಅವಳು ಬರಿಗೈಯಲ್ಲಿ ಮುದ್ದೆ ಕಟ್ಟಿ, ಬಸ್ಸಾರಿನ ತಟ್ಟೆ ಹಿಡಿದು, ನೇರ ವೇದಿಕೆ ಹತ್ತಿ ಶಿವಣ್ಣನವರ ಮುಂದಿಟ್ಟಳು. ಕುರ್ಚಿ ಸರಿಸಲು ಹಿಂದೆ ಜಾಗವಿರಲಿಲ್ಲ, ಫ್ಲೆಕ್ಸ್ ಇತ್ತು.

ಅವರು ಉಗುರಿನ ತುದಿಯಲ್ಲಿ ಇಷ್ಟೇ ಇಷ್ಟು ಮುರಿದು ಬಾಯಿಗಿಟ್ಟು ಜಗಿಯತೊಡಗಿದರು.

“ನುಂಗಿ ಸ್ವಾಮಿ, ಮುದ್ದೆ ಜಗೀಬಾರ್ದು!” ಎಂದು ಹೆಂಗಸರು ಕೂಗಿದರು. ನುಂಗಿದರು. ಕುಲಪತಿಗಳು ಶುಗರ್ ನೆನಪಿಸಿಕೊಂಡೇ ಎರಡು ಮುದ್ದೆ ಉಂಡರು.

ಸಂಜೆ ಶಾಮಿಯಾನ ಬಿಚ್ಚುವಾಗ ಫ್ಲೆಕ್ಸುಗಳ ಮಾತು ಬಂತು. ತೆಗೆಸಲು ಮೇಲಿನವರ ಅನುಮತಿ ಬೇಕು, ಸಮಯ ಹಿಡಿಯುತ್ತದೆ ಎಂದರು ಶಿವಣ್ಣನವರು.

“ತಗೋಳಿ ಸಾರ್, ನಿಧಾನಕ್ಕೆ ತಗೋಳಿ,” ಎಂದ ಜಹೀರುದ್ದೀನ್. “ಫ್ಲೆಕ್ಸು ನಿಮ್ದು, ಬೊಂಬು ನಂದು. ನನ್ ಬೊಂಬು ನಾನು ಬಿಚ್ಕೊಂಡ್ ಓಯ್ತೀನಿ.” ಮಾರನೆಯ ದಿನ ಅವನ ಟೆಂಪೊ ನಾಲ್ಕೂ ಬಸ್ ಸ್ಟ್ಯಾಂಡು ಸುತ್ತಿ ಬಂತು.

ವಿಭಾಗದ ಪುಟದಲ್ಲಿ ಆ ವಾರದ ಸುದ್ದಿ: ‘ರೋಗಿಯ ಕೈಯಿಂದ ಆಹಾರ ಸ್ವೀಕರಿಸಿ ಮಾದರಿಯಾದ ವಿಭಾಗದ ಮುಖ್ಯಸ್ಥರು.’ ಅಕ್ಷಿತಾ ಅದನ್ನು ಫೋನಿನಲ್ಲಿ ಓದಿ ಹೇಳಿದಾಗ ಬೈರಮ್ಮ ಆಡಿದ ಮಾತನ್ನು ಅಚ್ಚು ಹಾಕುವಂತಿಲ್ಲ.

ಜಹೀರುದ್ದೀನನ ಟೆಂಪೊ ಬೊಂಬು ಬಿಚ್ಚಿ ತಂದ ದಿನವೇ ಮಾಯಮ್ಮ ಬಸ್ಸಿಳಿದು ಚಿನಕುರಳಿಗೆ ನಡೆದು ಬಂದಳು. ಜೊತೆಗೆ ಬೀಗರ ಕಡೆಯ ಹಿರಿಯ ಹೆಂಗಸೊಬ್ಬಳು. ಅಡುಗೆಯವರನ್ನು ಕರೆಯುವ ಪದ್ಧತಿಯಂತೆ ತಟ್ಟೆಯಲ್ಲಿ ವೀಳ್ಯದೆಲೆ, ಅಡಿಕೆ, ತೆಂಗಿನಕಾಯಿ. ನೆರೆಯವರು ಬಾಗಿಲುಗಳಲ್ಲಿ ನಿಂತರು.

“ತೆಪ್ಪಾಯ್ತು ಕಣಕ್ಕ. ನಾಳೀಕೆ ನೀನೇ ಬರ್ಬೇಕು.” ಮಾಯಮ್ಮ ತಟ್ಟೆಯನ್ನು ಜಗಲಿಯ ಅಂಚಿನಲ್ಲಿಟ್ಟು ಮುಂದಕ್ಕೆ ತಳ್ಳಿದಳು.

ಬೈರಮ್ಮ ತಟ್ಟೆಯ ಕಡೆ ನೋಡಲಿಲ್ಲ. ಬಲಗೈ ನೀಡಿ, ಅಂಗೈ ಬಿಚ್ಚಿ ಹಿಡಿದಳು. “ತಟ್ಟೇಲಿ ಬ್ಯಾಡ. ಕೈಗೆ ಕೊಡು.”

ಮಾಯಮ್ಮ ಬೀಗರ ಹೆಂಗಸಿನ ಮುಖ ನೋಡಿದಳು. ಆ ಹಿರಿಯಳು ತಾನೇ ಬಗ್ಗಿ, ಎಲೆ ಅಡಿಕೆ ಎತ್ತಿ, ಬೈರಮ್ಮನ ಅಂಗೈಯಲ್ಲಿಟ್ಟು, ತನ್ನ ಎರಡೂ ಕೈಗಳಿಂದ ಅದನ್ನು ಮುಚ್ಚಿ ಹಿಡಿದಳು.

“ಎಷ್ಟ್ ಮರಿ ಕಡೀತೀರಿ?” ಎಂದಳು ಬೈರಮ್ಮ, ಇನ್ನೂ ಮುಖ ಗಂಟು ಹಾಕಿಕೊಂಡೇ.